ಎಳೆಯರ ಕಾದಂಬರಿಗಳೂ ಹಿರಿಯರ ತಕರಾರೂ

ಭದ್ರೆ ಉಕ್ಕಿ ಹೆಬ್ಬಾಳೆಯ ಸೇತುವೆಯ ಮೇಲೆ ನೀರು ಹರಿಯಿತೆಂದೂ, ಕಳಸದಿಂದ ಹೊರನಾಡಿಗೆ ಹೋಗುವ ನೇರದ ಹಾದಿ ಕಡಿದುಹೋಯಿತೆಂದೂ ನಾವು ಎಷ್ಟೋ ಮಳೆಗಾಲಗಳಲ್ಲಿ ಸುದ್ದಿ ಅಚ್ಚುಮಾಡಿದ್ದೇವೆ. ಅಂಥದೇ ಒಂದು ಸುದ್ದಿಯ ಕೆಳಗೆ, ಪುಟದಲ್ಲಿ ಸ್ಥಳ ಉಳಿದಿತ್ತೆಂಬ ಕಾರಣದಿಂದಲೇ, ನಾಲ್ಕು ಸಾಲಿನ ಸೂಚನೆಯೊಂದನ್ನು ಬರೆದು ಸೇರಿಸಿದೆವು. ಶಾಲೆಗೆ ರಜೆಯಾಗಿ ಮನೆಯಲ್ಲಿ ಕುಳಿತ ಆ ಕಡೆಯ ಮಕ್ಕಳಿಗೆ ವಾಚಕ ಮಹಾಶಯರು ನೋಟುಪುಸ್ತಕ ಪೆನ್ಸಿಲುಗಳಿಗೆ ಬದಲಾಗಿ ನಾಲ್ಕು ಒಳ್ಳೆಯ ಕಾದಂಬರಿಗಳನ್ನು ಏಕೆ ಕಳುಹಿಸಬಾರದು ಎಂದಷ್ಟೇ ಅದರ ತಾತ್ಪರ್ಯ. ಪುಸ್ತಕಗಳು ಬರುವುದಕ್ಕೆ ಮೊದಲು ಕಾಗದಗಳು ಬಂದವು. ಕಾಫಿಯ ಬೆಲೆ ಕುಸಿದಾಗಲೂ ಇಷ್ಟು ಕಾಗದಗಳು ನಮ್ಮ ಕಚೇರಿಗೆ ಬಂದುದಿಲ್ಲ. ಹತ್ತರಿಂದ ಹದಿನಾರರ ಒಳಗಿನ ಮಕ್ಕಳು ಕಾದಂಬರಿ ಓದಬೇಕೆ, ಓದುವುದಾದರೆ ಯಾವುದನ್ನು, ಅದನ್ನು ನಿಶ್ಚಯಿಸತಕ್ಕವರು ಯಾರು ಎಂಬ ವಿಷಯದಲ್ಲಿ ನಮ್ಮ ವಾಚಕರಲ್ಲಿ ಇಷ್ಟೊಂದು ಅಭಿಪ್ರಾಯಭೇದವಿರುವುದೆಂದು ನಾವು ತಿಳಿದಿರಲಿಲ್ಲ.

ಎಲ್ಲ ಕಾಗದಗಳನ್ನೂ ಪ್ರಕಟಿಸುವುದು ಅಶಕ್ಯ. ಆದರೆ ಅವುಗಳ ಸಾರವನ್ನಾದರೂ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಇಂದಿನ ಅಂಕಣವನ್ನು ಅದಕ್ಕಾಗಿ ಮೀಸಲಿಟ್ಟಿದ್ದೇವೆ. ಬರೆದವರ ಹೆಸರುಗಳನ್ನು ಕೊಟ್ಟಿಲ್ಲ; ಮಕ್ಕಳ ಕಾಗದಗಳೂ ಅವುಗಳಲ್ಲಿ ಇರುವುದರಿಂದ ಇದೇ ಯುಕ್ತವೆಂದು ತೋರಿತು.

ಮೊದಲನೆಯದಾಗಿ ಮೂಡಿಗೆರೆ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು. ಇವರ ಅಕ್ಷರ ಮುತ್ತಿನಂತಿದೆ, ಕೋಪ ಮೆಣಸಿನಂತಿದೆ. ಹದಿಮೂರರ ಹುಡುಗನಿಗೆ ಬೇಕಾದುದು ಜೀವನಚರಿತ್ರೆ, ಭೂಗೋಲ, ಲೆಕ್ಕ. ಕಾದಂಬರಿಯೆಂಬುದು ಕಲ್ಪಿತ ಸಂಗತಿಯಾದುದರಿಂದ ಅದು ಸುಳ್ಳಿನ ಅಭ್ಯಾಸ. ನಲವತ್ತು ವರ್ಷಗಳ ಸೇವೆಯಲ್ಲಿ ಕಾದಂಬರಿಯಿಂದ ಉದ್ಧಾರವಾದ ಒಬ್ಬ ವಿದ್ಯಾರ್ಥಿಯನ್ನೂ ತಾವು ಕಾಣಲಿಲ್ಲ ಎಂದು ಅವರು ಬರೆದಿರುವರು. ಕಾಫಿ ತೋಟದ ಮಾಲೀಕರೊಬ್ಬರ ಆಕ್ಷೇಪ ಬೇರೆ ಬಗೆಯದು. ಅವರ ಮಗ ಇಂಗ್ಲಿಷಿನಲ್ಲಿ ಹ್ಯಾರಿ ಪಾಟರ್ ಮಾಲೆಯ ಏಳು ಸಂಪುಟಗಳನ್ನೂ ಮುಗಿಸಿದವನು. ತಂದೆ ಅಕ್ಕರೆಯಿಂದ ತಂದುಕೊಟ್ಟ ಕನ್ನಡದ ಮಕ್ಕಳ ಕಾದಂಬರಿಯನ್ನು ಹತ್ತು ಪುಟ ಓದಿ, ಇದು ತಮ್ಮನಿಗೆ ಸರಿಯೆಂದು ಹಿಂದಿರುಗಿಸಿದನಂತೆ. ತಮ್ಮನ ವಯಸ್ಸು ಆರು. ಕಳಸದ ತಾಯಿಯೊಬ್ಬರು ಸಾಹಸದ ಕತೆಗಳನ್ನು ಮಾತ್ರ ಕಳುಹಿಸಬೇಡಿರೆಂದು ಬೇಡಿಕೊಂಡಿದ್ದಾರೆ. ಅಂಥದೊಂದನ್ನು ಓದಿದ ಮರುದಿನ ಅವರ ಮಗ ಟಾರ್ಚು ಹಿಡಿದು ಮನೆಯ ಹಿಂದಣ ಗುಡ್ಡ ಹತ್ತಿದವನು ಕತ್ತಲಾದ ಮೇಲೆ, ಕಾಲ ತುಂಬ ಜಿಗಣೆಗಳೊಡನೆ ಇಳಿದುಬಂದನಂತೆ. ಗ್ರಂಥಕರ್ತನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರವನ್ನು ಯಾವ ವಿಮರ್ಶಕನೂ ಬರೆದುಕೊಡಲಾರನೆಂದು ನಮಗೆ ಅನಿಸಿತು; ಆದರೆ ಆ ತಾಯಿಯ ಆ ರಾತ್ರಿಯ ಆತಂಕವನ್ನು ನಾವು ಲಘುವಾಗಿ ಎಣಿಸುವುದಿಲ್ಲ.

ಇನ್ನು ಕೆಲವರು ಕಾದಂಬರಿಗೆ ವಿರೋಧಿಗಳಲ್ಲ, ಆದರೆ ನೀತಿಗೆ ಪಕ್ಷಪಾತಿಗಳು. ಪ್ರತಿಯೊಂದು ಕತೆಯ ಕೊನೆಯಲ್ಲಿಯೂ ಮಗುವಿಗೆ ಒಂದು ಪಾಠ ದೊರೆಯಲೇಬೇಕೆಂದು ಇವರ ಮತ. ಇದಕ್ಕೆ ನೇರ ಎದುರಾಗಿ ಎಂಟನೆಯ ತರಗತಿಯ ಬಾಲಕನೊಬ್ಬ ಒಂದೇ ವಾಕ್ಯದ ಕಾಗದ ಬರೆದಿರುವನು: ಮಕ್ಕಳ ಪುಸ್ತಕಗಳಲ್ಲಿ ಕೊನೆಯ ಎರಡು ಪುಟಗಳನ್ನು ತಾನು ಓದುವುದಿಲ್ಲ, ಅಲ್ಲಿ ಯಾರಾದರೂ ಹಿರಿಯರು ಬಂದು ಮಾತಾಡುತ್ತಾರೆ ಎಂದು.

ಆದರೆ ನಮ್ಮನ್ನು ಬಹುಕಾಲ ತಡೆದು ನಿಲ್ಲಿಸಿದ ಕಾಗದ ಹತ್ತನೆಯ ತರಗತಿಯ ಹುಡುಗಿಯೊಬ್ಬಳದು. ಊರಿನ ಗ್ರಂಥಾಲಯದಲ್ಲಿದ್ದ ಮಕ್ಕಳ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿರುವ ಈಕೆಯ ದೂರು ಇಷ್ಟು. ಹುಡುಗರು ಗುಹೆಗೆ ಹೋಗುತ್ತಾರೆ, ಕಳ್ಳರನ್ನು ಹಿಡಿಯುತ್ತಾರೆ, ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಹುಡುಗಿ ಮನೆಯಲ್ಲಿದ್ದು, ಅಣ್ಣ ಎಲ್ಲಿಗೆ ಹೋದನೆಂದು ಅಮ್ಮ ಕೇಳಿದಾಗ ಸುಳ್ಳು ಹೇಳುವುದಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತಾಳೆ. ಅಷ್ಟೇ ಅಲ್ಲದೆ, ಹದಿನಾಲ್ಕು ಹದಿನೈದರ ವಯಸ್ಸಿನವರ ಮನಸ್ಸಿನಲ್ಲಿ ನಡೆಯುವ ಸಂಗತಿಗಳೊಂದೂ ಆ ಪುಸ್ತಕಗಳಲ್ಲಿ ಇರುವುದಿಲ್ಲ. ಮನೆಯವರೊಡನೆ ಜಗಳ, ಮೈ ಬದಲಾಗುವುದರ ನಾಚಿಕೆ, ಓದು ಮುಂದುವರಿಯುವುದೋ ಇಲ್ಲವೋ ಎಂಬ ಭಯ, ಯಾರನ್ನೋ ಕಂಡರೆ ಆಗುವ ಸಂತೋಷ, ಇವೊಂದೂ ಇಲ್ಲ. ಇವುಗಳಿಗಾಗಿ ತಾನು ಅಮ್ಮನ ಕಪಾಟಿನಿಂದ ತ್ರಿವೇಣಿಯವರ ಕಾದಂಬರಿಗಳನ್ನು ಕದ್ದು ಓದಬೇಕಾಯಿತೆಂದು ತಿಳಿಸಿ, ನಮ್ಮ ವಯಸ್ಸಿನ ವಿಷಯ ಬರೆಯಕೂಡದೆಂದು ಕಾನೂನೇನಾದರೂ ಇದೆಯೆ ಎಂದು ನಮ್ಮನ್ನು ಕೇಳಿದ್ದಾಳೆ. ಕಾನೂನು ಇಲ್ಲ. ಇದ್ದಿದ್ದರೆ ಅದನ್ನು ರದ್ದುಪಡಿಸಿರೆಂದು ಬರೆಯುವುದು ನಮಗೆ ಸುಲಭವಾಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಎಳೆಯರ ಕೈಯಲ್ಲಿ ಕಾದಂಬರಿಯನ್ನು ಕಂಡು ಹಿರಿಯರು ಬೆಚ್ಚಿಬೀಳುವುದು ಹೊಸ ಸಂಗತಿಯೇನೂ ಅಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಕಾಲದಲ್ಲಿ, ಗಳಗನಾಥರು ತಮ್ಮ ಚಾರಿತ್ರಿಕ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಾಲದಲ್ಲಿ, ಅವನ್ನು ಓದಿದವರಲ್ಲಿ ಬಹುಮಂದಿ ಮೀಸೆ ಚಿಗುರದ ಹುಡುಗರೇ. ಆಗಲೂ ಮನೆಯ ಯಜಮಾನರು ಇದು ಕೆಲಸಗೇಡಿ ಚಟವೆಂದೇ ಗದರಿಸುತ್ತಿದ್ದರು. ಆ ಹುಡುಗರೇ ಮುಂದೆ ನಾಡಿನ ಏಕೀಕರಣಕ್ಕಾಗಿ ಹೋರಾಡಿದ ತಲೆಮಾರಿನವರಾದರು. ಅವರಿಗೆ ಕನ್ನಡದ ಅಭಿಮಾನವನ್ನು ಹಚ್ಚಿದವು ವ್ಯಾಕರಣದ ಪುಸ್ತಕಗಳೊ, ವಿಜಯನಗರದ ಕತೆಗಳೊ, ಯೋಚಿಸತಕ್ಕದ್ದು.

ನಮ್ಮ ಸ್ವಂತ ಅನುಭವವನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ. ನಾವು ಪಾಠಶಾಲೆಯಲ್ಲಿದ್ದಾಗ, ಶಬ್ದಮಂಜರಿಯನ್ನು ಬಾಯಿಪಾಠ ಮಾಡಬೇಕಾದ ಹೊತ್ತಿನಲ್ಲಿ, ಅದರೊಳಗೆ ಸಣ್ಣ ಆಕಾರದ ಇನ್ನೊಂದು ಪುಸ್ತಕವಿರುತ್ತಿತ್ತು. ಬಾಡಿಗೆಯ ಅಂಗಡಿಯಿಂದ ತಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಅದು. ಒಂದು ದಿನ ಗುರುಗಳು ಹಿಂದಿನಿಂದ ಬಂದರು. ಪುಸ್ತಕ ನೇರವಾಗಿ ಬಚ್ಚಲ ಹಂಡೆಯ ಒಲೆಗೆ ಹೋಯಿತು. ಅಂಗಡಿಯವನಿಗೆ ಪುಸ್ತಕದ ಬೆಲೆ ತೆರಲು ನಾವು ಒಂದು ವಾರ, ಬೇರೆಯವರ ತೋಟದಲ್ಲಿ ಗಿಡದಡಿ ಉದುರಿದ ಕಾಫಿ ಹಣ್ಣನ್ನು ಹೆಕ್ಕಿ ಮಾರಬೇಕಾಯಿತು. ಓದಲು ಇನ್ನೂ ಹದಿನಾರು ಪುಟಗಳು ಉಳಿದಿದ್ದವು. ಕೊಲೆ ಮಾಡಿದವರು ಯಾರೆಂಬುದು ನಮಗೆ ಇಂದಿಗೂ ತಿಳಿಯದು. ಗುರುಗಳು ಕೆಟ್ಟವರಾಗಿರಲಿಲ್ಲ; ನಮ್ಮ ಹಿತವನ್ನೇ ಬಯಸಿದ್ದರು. ಆದರೆ ಅಂದು ನಮಗಾದ ಫಲವೆಂದರೆ ಶಬ್ದಮಂಜರಿಯ ಮೇಲೆ ದ್ವೇಷವೇ ಹೊರತು ಪತ್ತೇದಾರಿಯ ಮೇಲೆ ಜುಗುಪ್ಸೆಯಲ್ಲ.

ಆ ನರಸಿಂಹಯ್ಯನವರು ನಮ್ಮ ಚಿಕ್ಕಮಗಳೂರಿನಲ್ಲಿಯೇ ಹುಟ್ಟಿದವರೆಂಬುದು ಈ ಜಿಲ್ಲೆಯವರಿಗೇ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆವು. ೧೯೨೫ರಲ್ಲಿ ಜನನ, ವಿದ್ಯಾಭ್ಯಾಸ ನಾಲ್ಕನೆಯ ತರಗತಿಯವರೆಗೆ, ಹೊಟ್ಟೆಪಾಡಿಗಾಗಿ ಹಲವು ಕಸುಬು. ೧೯೫೨ರಲ್ಲಿ ಅವರ ಪತ್ತೇದಾರ ಪುರುಷೋತ್ತಮ ಕಾಣಿಸಿಕೊಂಡಮೇಲೆ ೨೦೧೧ರಲ್ಲಿ ಅವರು ತೀರಿಕೊಳ್ಳುವಷ್ಟರಲ್ಲಿ ಬರೆದ ಪುಸ್ತಕಗಳು ೫೦೦ಕ್ಕೂ ಮಿಕ್ಕವು. ಪಂಡಿತರ ಪಂಕ್ತಿಯಲ್ಲಿ ಇವರಿಗೆ ಬಹುಕಾಲ ಎಲೆ ಹಾಕಲಿಲ್ಲ. ಆದರೆ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದ ಎಷ್ಟು ಸಾವಿರ ಕನ್ನಡಿಗರು, ಮುಂದಿನ ಪುಟದಲ್ಲಿ ಏನಾಯಿತೆಂಬ ಆತುರದಿಂದಲೇ ಸರಾಗವಾಗಿ ಓದುವವರಾದರೆಂಬುದಕ್ಕೆ ಯಾವ ಇಲಾಖೆಯಲ್ಲಿಯೂ ಲೆಕ್ಕವಿಲ್ಲ. ಆ ಸಾವಿರಗಳಲ್ಲಿ ಈ ಸಂಪಾದಕೀಯವನ್ನು ಬರೆಯುತ್ತಿರುವ ಕೈಯೂ ಒಂದು.

ಈ ಭಯ ನಮ್ಮ ದೇಶಕ್ಕೆ ಮಾತ್ರ ಸೇರಿದ್ದೂ ಅಲ್ಲ. ಮಾರ್ಕ್ ಟ್ವೇನನ ಹಕಲ್‌ಬೆರಿ ಫಿನ್ ಕಾದಂಬರಿ ಅಮೆರಿಕದಲ್ಲಿ ಅಚ್ಚಾಗಿ ಹೊರಬಿದ್ದ ೧೮೮೫ರಲ್ಲಿಯೇ, ಕಾಂಕರ್ಡ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದ ಸಮಿತಿಯವರು ಅದು ಒರಟು ಭಾಷೆಯ ಅಸಭ್ಯ ಪುಸ್ತಕವೆಂದು ತೀರ್ಮಾನಿಸಿ ತಮ್ಮ ಕಪಾಟಿನಿಂದ ಹೊರಹಾಕಿದರು. ಕಾಂಕರ್ಡ್ ಎಂದರೆ ಸಾಮಾನ್ಯ ಊರಲ್ಲ, ಎಮರ್ಸನ್ ಥೋರೋ ಮೊದಲಾದ ಮಹಾಪುರುಷರು ಬಾಳಿದ ಊರು. ಟ್ವೇನನಾದರೋ ಇದರಿಂದ ತನ್ನ ಪುಸ್ತಕ ಇನ್ನೂ ೨೫,೦೦೦ ಪ್ರತಿ ಖರ್ಚಾಗುವುದೆಂದು ಸಂತೋಷಪಟ್ಟನು. ಮಕ್ಕಳ ಓದನ್ನು ತಡೆಯುವವರು ಅನೇಕ ವೇಳೆ ಅದರ ಅತ್ಯುತ್ತಮ ಪ್ರಚಾರಕರೂ ಆಗಿರುತ್ತಾರೆ.

ಹೀಗೆ ದೂರದ ಮಾತೇಕೆ? ಬಂದ ಕಾಗದಗಳಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಗುರಿಯಾದ ಪುಸ್ತಕ ನಮ್ಮ ಮೂಡಿಗೆರೆಯ ಮಣ್ಣಿನಲ್ಲಿಯೇ ಹುಟ್ಟಿದ್ದು. ಪೂರ್ಣಚಂದ್ರ ತೇಜಸ್ವಿಯವರು ಇಲ್ಲಿ ತೋಟ ಮಾಡಿಕೊಂಡು, ಕಾಫಿ ಬೆಳೆದು, ಮೀನು ಹಿಡಿದು, ಹಕ್ಕಿಗಳ ಚಿತ್ರ ತೆಗೆದು, ೨೦೦೭ರ ಏಪ್ರಿಲ್ ೫ರಂದು ಇಲ್ಲಿಯೇ ಕಣ್ಣುಮುಚ್ಚಿದವರು. ಅವರ ‘ಕರ್ವಾಲೊ’ ೧೯೮೦ರಲ್ಲಿ ಪ್ರಕಟವಾಯಿತು. ಅದನ್ನು ಮಕ್ಕಳಿಗಾಗಿ ಬರೆದರೆಂದು ಅವರು ಎಲ್ಲಿಯೂ ಹೇಳಿಕೊಂಡಂತೆ ಕಾಣೆವು. ಮುಖಪುಟದ ಮೇಲೆ ಎಳೆಯರಿಗಾಗಿ ಎಂಬ ಮುದ್ರೆಯಿಲ್ಲ. ಆದರೂ ಮಲೆನಾಡಿನ ಹನ್ನೆರಡು ಹದಿಮೂರರ ಹುಡುಗರು ಇದನ್ನು ತಮ್ಮದೆಂದು ಎತ್ತಿಕೊಂಡುಬಿಟ್ಟರು. ಜೇನು ಹುಡುಕುವ ಮಂದಣ್ಣ, ಕಿವಿ ಎಂಬ ನಾಯಿ, ಕಾಲದ ಆಳದಿಂದ ಬಂದಂತಿರುವ ಹಾರುವ ಓತಿಯ ಹಿಂದೆ ಕಾಡು ನುಗ್ಗುವ ವಿಜ್ಞಾನಿ, ಇವರೆಲ್ಲ ಆ ಹುಡುಗರಿಗೆ ಪುಸ್ತಕದ ಪಾತ್ರಗಳಲ್ಲ, ಸಂತೆಯ ದಿನ ಕಂಡರೂ ಕಾಣಬಹುದಾದ ಜನ.

ಇದರ ಮೇಲೆ ತಕರಾರು ಏನೆಂದರೆ, ಕಥಾನಾಯಕನೆಂಬವನು ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಕ್ಕಿಕೊಳ್ಳುವವನು, ಮಾತುಗಳಲ್ಲಿ ಬಿಗಿಯಿಲ್ಲ, ನೀತಿಯಿಲ್ಲ, ಕೊನೆಗೆ ಹುಡುಕಿದ ಪ್ರಾಣಿಯಾದರೂ ಕೈಗೆ ಸಿಕ್ಕುವುದೇ ಎಂದರೆ, ಅದೂ ಇಲ್ಲ, ಕಣಿವೆಯ ಮೇಲೆ ತೇಲಿ ಕಣ್ಮರೆಯಾಗುವುದು. ಹೀಗಿರುವಲ್ಲಿ ಮಗು ಕಲಿಯುವುದೇನು ಎಂದು ಮೂವರು ಕೇಳಿರುವರು. ಏಳನೆಯ ತರಗತಿಯ ಒಬ್ಬ ಹುಡುಗನಿಗಂತೂ ಕೊನೆಯ ಭಾಗ ಓದಿ ಸಿಟ್ಟೇ ಬಂದಿದೆ. ಹಿಡಿಯಬೇಕಾಗಿತ್ತು ಎಂದು ಅವನ ಖಚಿತ ಅಭಿಪ್ರಾಯ. ಇನ್ನೊಬ್ಬಳಿಗೆ ಮೊದಲ ನಲವತ್ತು ಪುಟ ಬೇಸರವಾಗಿ, ಅಲ್ಲಿಂದ ಮುಂದೆ ದೀಪ ಆರಿಸಲು ಮನಸ್ಸಾಗಲಿಲ್ಲ. ಕೊಪ್ಪದ ಕಡೆಯ ಉಪಾಧ್ಯಾಯರೊಬ್ಬರು ಬರೆಯುವುದೇ ಬೇರೆ. ಪುಸ್ತಕವನ್ನು ತರಗತಿಯಲ್ಲಿ ದಿನಕ್ಕಿಷ್ಟು ಓದಿ ಹೇಳಿದ ತಿಂಗಳಲ್ಲಿ, ಅವರ ನಾಲ್ವರು ವಿದ್ಯಾರ್ಥಿಗಳು ಅಡಕೆ ಮರಗಳನ್ನು ದಿನವೂ ಕತ್ತೆತ್ತಿ ನೋಡಲಾರಂಭಿಸಿ, ಕಡೆಗೆ ನಿಜವಾದ ಹಾರುವ ಓತಿಯನ್ನೇ ಕಂಡರಂತೆ. ಅದು ನಮ್ಮ ಅಡಕೆ ತೋಟಗಳಲ್ಲಿ ಮೊದಲಿಂದಲೂ ಇದ್ದ ಪ್ರಾಣಿ. ಪಕ್ಕೆಯ ಚರ್ಮವನ್ನು ಬಿಡಿಸಿ ಮರದಿಂದ ಮರಕ್ಕೆ ತೇಲುವ ಅದನ್ನು ಕಾಣುವ ಕಣ್ಣು ಮಾತ್ರ ಅಲ್ಲಿಯವರೆಗೆ ಅವರಿಗೆ ಇರಲಿಲ್ಲ.

ಈ ನಾಲ್ಕು ಅಭಿಪ್ರಾಯಗಳಲ್ಲಿ ಯಾವುದು ಸರಿ? ನಮ್ಮ ದೃಷ್ಟಿಯಲ್ಲಿ ಸಿಟ್ಟಾದ ಹುಡುಗನದೂ ಸರಿ, ಬೇಸರಪಟ್ಟ ಹುಡುಗಿಯದೂ ಸರಿ. ಅವರು ಓದಿ ಹೇಳಿದರು. ನೀತಿಯಿಲ್ಲವೆಂದ ಮೂವರಲ್ಲಿ ಇಬ್ಬರು ಪುಸ್ತಕವನ್ನು ತಾವು ಓದಿಲ್ಲವೆಂದು ತಮ್ಮ ಕಾಗದದಲ್ಲಿಯೇ ಒಪ್ಪಿಕೊಂಡಿರುವರು. ಅವರ ಪ್ರಾಮಾಣಿಕತೆಗೆ ವಂದನೆ. ಅಭಿಪ್ರಾಯವನ್ನು ಮಾತ್ರ ಸ್ವೀಕರಿಸಲಾರೆವು.

ತೇಜಸ್ವಿಯವರ ಪುಸ್ತಕವನ್ನು ಹುಡುಗರು ಎತ್ತಿಕೊಂಡುದಕ್ಕೆ ಕಾರಣವನ್ನು ಹುಡುಕುತ್ತಾ ಹೋದರೆ ಒಂದು ಸಂಗತಿ ಸ್ಪಷ್ಟವಾಗುವುದು. ಅಲ್ಲಿ ಲೇಖಕ ಮಗುವಿನ ಮಟ್ಟಕ್ಕೆ ಬಗ್ಗಿ, ಗಲ್ಲ ಹಿಂಡಿ, ಮುದ್ದು ಮಾತಾಡುವುದಿಲ್ಲ. ತನಗೆ ಯಾವುದು ವಿಸ್ಮಯವೊ ಅದನ್ನೇ ಹೇಳುತ್ತಾನೆ. ಬೇಕಾದವರು ಜೊತೆಗೆ ಬರಬಹುದು. ಹದಿಮೂರರ ವಯಸ್ಸಿನವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ತೋಟದ ಮಾಲೀಕರ ಮಗ ಹತ್ತು ಪುಟಕ್ಕೆ ಪುಸ್ತಕ ಮಡಿಸಿದ್ದರ ಗುಟ್ಟೂ ಇಲ್ಲಿಯೇ ಇರುವುದೆಂದು ಊಹಿಸುತ್ತೇವೆ. ಅವನಿಗೆ ಬೇಡವಾದುದು ಕನ್ನಡವಲ್ಲ, ಗಲ್ಲ ಹಿಂಡುವಿಕೆ. ಆದರೆ ಅವನಿಗೆ ಅವೆರಡೂ ಒಂದೇ ಎಂದು ತೋರಿಬಿಟ್ಟರೆ? ನಮ್ಮ ಭಯವಿರುವುದು ಅಲ್ಲಿ.

ಏಕೆಂದರೆ ಕನ್ನಡವು ತನ್ನ ಓದುಗರನ್ನು ಕಳೆದುಕೊಳ್ಳುತ್ತಿರುವ ಸ್ಥಳ ಯಾವುದೆಂದು ಹುಡುಕಿದರೆ ಅದು ಈ ವಯಸ್ಸಿನಲ್ಲಿಯೇ ಇರುವುದು. ಸಣ್ಣ ಮಕ್ಕಳಿಗೆ ನಮ್ಮ ಹಿರಿಯರು ಕಡಮೆ ಮಾಡಲಿಲ್ಲ. ಪಂಜೆಯವರು, ರಾಜರತ್ನಂ ಅವರು ಹಾಡು ಕಟ್ಟಿಕೊಟ್ಟರು. ಕುವೆಂಪು ಅವರು ಕಿಂದರಿಜೋಗಿಯನ್ನು ಕೊಟ್ಟರು. ಶಿವರಾಮ ಕಾರಂತರು ೧೯೩೬ರಷ್ಟು ಹಿಂದೆಯೇ ‘ಬಾಲಪ್ರಪಂಚ’ವೆಂಬ ಜ್ಞಾನಕೋಶವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಅನುಪಮಾ ನಿರಂಜನರು ದಿನಕ್ಕೊಂದು ಕಥೆಯಂತೆ ವರ್ಷವೆಲ್ಲ ಸಾಲುವಷ್ಟು ಕತೆಗಳನ್ನು ಕೂಡಿಸಿದರು. ದೊಡ್ಡವರ ಕಾದಂಬರಿಯಲ್ಲಂತೂ ನಮ್ಮದು ತುಂಬಿದ ಕಣಜ. ನಡುವಣ ಆರೇಳು ವರ್ಷಗಳು ಮಾತ್ರ, ಸೇತುವೆ ಮುಳುಗಿದ ಹೊಳೆಯಂತೆ. ಈ ದಡದಲ್ಲಿ ಮಗುವಿದೆ, ಆ ದಡದಲ್ಲಿ ಸಾಹಿತ್ಯವಿದೆ. ಈಜು ಬಲ್ಲವರು ದಾಟುತ್ತಾರೆ, ಅಮ್ಮನ ಕಪಾಟಿಗೆ ಕೈಹಾಕಿದ ಆ ಹುಡುಗಿಯಂತೆ. ಉಳಿದವರು ಇಂಗ್ಲಿಷಿನ ದೋಣಿ ಹತ್ತುವರು, ಇಲ್ಲವೆ ಮೊಬೈಲು ಹಿಡಿದು ದಡದಲ್ಲಿಯೇ ಕುಳಿತುಬಿಡುವರು.

ಈ ಕೊರತೆಯನ್ನು ಕಂಡು ಯಾರೂ ಏನೂ ಮಾಡಲಿಲ್ಲವೆಂದರೆ ಅದು ಅನ್ಯಾಯವಾದೀತು. ಕೇಂದ್ರ ಸಾಹಿತ್ಯ ಅಕಾಡೆಮಿಯು ೨೦೧೦ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ಕೊಡುತ್ತ ಬಂದಿದೆ. ಕನ್ನಡದಲ್ಲಿ ೨೦೨೧ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ೨೦೨೨ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ೨೦೨೩ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, ಹೀಗೆ ಒಂದರ ಹಿಂದೊಂದು ಮೂರು ವರ್ಷ ಆ ಪುರಸ್ಕಾರ ಸಂದದ್ದು ಎಳೆಯರ ಕಾದಂಬರಿಗಳಿಗೇ. ಬರೆದವರಲ್ಲಿ ಬೀಗಾರರು ನಮ್ಮಂತೆಯೇ ಘಟ್ಟದ ಮಳೆಯಲ್ಲಿ ನೆನೆದವರು, ಹಾಲಾಡಿಯವರು ಘಟ್ಟದ ಕೆಳಗಿನವರು. ನಮ್ಮ ಚೀಲದಲ್ಲಿದ್ದ ಅಷ್ಟೂ ಕಾಗದಗಳಲ್ಲಿ ಈ ಮೂರು ಹೆಸರುಗಳಲ್ಲಿ ಒಂದನ್ನಾದರೂ ಎತ್ತಿದವರು ಒಬ್ಬರೇ. ಹೊಗಳಿದವರೂ ಇಲ್ಲ, ತೆಗಳಿದವರೂ ಇಲ್ಲ. ನಮಗೆ ಅತ್ಯಂತ ವ್ಯಥೆಯುಂಟುಮಾಡಿದ್ದು ಇದೇ. ನೀತಿಪಕ್ಷಪಾತಿಗಳ ಜಗಳವಾಗಲಿ ಉಪಾಧ್ಯಾಯರ ಕೋಪವಾಗಲಿ ನಮ್ಮನ್ನು ಇಷ್ಟು ಕಲಕಲಿಲ್ಲ. ಪುಸ್ತಕವಿರುವುದು ದಿಲ್ಲಿಗೆ ತಿಳಿದಿದೆ; ಕಳಸಕ್ಕೆ ತಿಳಿದಿಲ್ಲ. ಹತ್ತನೆಯ ತರಗತಿಯ ಆ ಹುಡುಗಿಗೆ ಈ ಮೂರನ್ನೂ ತರಿಸಿ ಕಳುಹಿಸಲು ಪುಸ್ತಕದಂಗಡಿಗೆ ಬರೆದಿದ್ದೇವೆ. ಆಕೆ ಕೇಳಿದ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿದೆಯೋ ಇಲ್ಲವೋ ಆಕೆಯೇ ಓದಿ ತಿಳಿಸಲಿ. ಇಲ್ಲವೆಂದರೆ ಅದನ್ನೂ ಅಚ್ಚುಮಾಡುವೆವು.

ಇನ್ನು ಪುಸ್ತಕ ಮಕ್ಕಳಿಗೆ ತಲಪುವ ಹಾದಿಯ ವಿಚಾರ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ನಾವು ಮನೆ ಕಂದಾಯದೊಡನೆ ಗ್ರಂಥಾಲಯದ ಕರವನ್ನೂ ತೆರುತ್ತ ಬಂದಿದ್ದೇವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ೨೦೨೦ರ ನವೆಂಬರ್ ೧೪ರಂದು ಆರಂಭವಾದ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ೬ರಿಂದ ೧೮ ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವನ್ನು ಕೊಡಲಾಯಿತು. ಇದು ಮೆಚ್ಚತಕ್ಕ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಬಾಗಿಲು ತೆರೆಯಿತು. ಆದರೆ ಕಪಾಟಿನಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಯಾರು? ಆ ಕಪಾಟಿನ ಪುಸ್ತಕವನ್ನು ಎಂದಿಗೂ ಓದದ ಹಿರಿಯರು. ಮಕ್ಕಳ ಕಾದಂಬರಿಯನ್ನು ಬರೆಯುವವರು ಹಿರಿಯರು, ಅಚ್ಚುಮಾಡುವವರು ಹಿರಿಯರು, ಆರಿಸುವವರು ಹಿರಿಯರು, ಕೊಳ್ಳುವವರು ಹಿರಿಯರು, ಬಹುಮಾನ ಕೊಡುವವರೂ ಹಿರಿಯರು. ಉಣ್ಣುವವನನ್ನು ಬಿಟ್ಟು ಉಳಿದವರೆಲ್ಲರೂ ಅಡಿಗೆಯ ರುಚಿಯನ್ನು ನಿಶ್ಚಯಿಸುವ ಏರ್ಪಾಡು ಇದು. ಬಂದವರಿಗೆಲ್ಲ ಅನ್ನವಿಕ್ಕುವ ಹೊರನಾಡಿನ ಅಮ್ಮನವರ ನೆರಳಿನಲ್ಲಿ ಬದುಕುವ ನಮಗೆ ಇದು ವಿಚಿತ್ರವಾಗಿ ಕಾಣಬೇಡವೆ?

ಹೊಟ್ಟೆಯ ಹಸಿವಿನ ಮಾತು ಬಂದುದರಿಂದ ಕೊನೆಯದಾಗಿ ಇನ್ನೊಂದು ಕಾಗದ. ಇದು ಬಂದದ್ದು ಹೊರನಾಡಿನ ಆಚೆಯ ಒಂದು ಗ್ರಂಥಾಲಯದ ಮೇಲ್ವಿಚಾರಕಿಯವರಿಂದ. ನಮ್ಮ ತೋಟಗಳಲ್ಲಿ ಈಗ ಕೆಲಸಕ್ಕೆ ಬರುವವರಲ್ಲಿ ಅಸ್ಸಾಮು ಮೊದಲಾದ ದೂರದ ಸೀಮೆಯವರೂ ಇರುವರೆಂಬುದು ವಾಚಕರಿಗೆ ತಿಳಿದದ್ದೇ. ಅಂಥ ಒಂದು ಕುಟುಂಬದ ಹುಡುಗ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ. ಮನೆಯಲ್ಲಿ ಕನ್ನಡವಿಲ್ಲ, ಲೈನಿನಲ್ಲಿ ತುಳು, ತಮಿಳು, ಹಿಂದಿಗಳ ಬೆರಕೆ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮಳೆಯ ರಜೆಯಲ್ಲಿ ಗ್ರಂಥಾಲಯಕ್ಕೆ ಬಂದು ಕೂತವನ ಕೈಗೆ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಸಿಕ್ಕಿತು. ಇದು ದೊಡ್ಡವರದು, ಬೇಡ ಎಂದು ಆಕೆ ಹೇಳಬೇಕೆಂದಿದ್ದರಂತೆ, ಹೇಳಲಿಲ್ಲ. ಹುಡುಗ ಅದನ್ನು ಮೂರು ಸಲ ಓದಿದ. ಮೂರನೆಯ ಸಲ ಮುಗಿಸಿದ ದಿನ ಮೇಲ್ವಿಚಾರಕಿಯವರ ಮೇಜಿನ ಮುಂದೆ ನಿಂತು, ಅರ್ಧ ಗಂಟೆ, ತಪ್ಪುತಪ್ಪಾದ ಆದರೆ ನಿಲ್ಲದ ಕನ್ನಡದಲ್ಲಿ ಇಡೀ ಕತೆಯನ್ನು ಹೇಳಿ, ಇಂಥದೇ ಇನ್ನೊಂದು ಕೊಡಿ ಎಂದನಂತೆ. ಕೊಡಲು ಅವರ ಬಳಿ ಇರಲಿಲ್ಲ. ಇದ್ದದ್ದು ಪುಣ್ಯಕೋಟಿಯ ಬಣ್ಣದ ಪುಸ್ತಕ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿ.

ಗಡಿಯಲ್ಲಿ ಕನ್ನಡ ಉಳಿಯಬೇಕೆಂದು ನಾವು ಈ ಪುಟದಲ್ಲಿ ಎಷ್ಟೋ ಸಲ ಬರೆದಿದ್ದೇವೆ. ನಾಮಫಲಕಗಳ ವಿಷಯವಾಗಿ ಬರೆದಿದ್ದೇವೆ. ಕನ್ನಡಕ್ಕೆ ಹೊಸಬನಾದ ಒಬ್ಬ ಬಾಲಕ ತಾನಾಗಿಯೇ ಬಂದು ಮೇಜಿನ ಮುಂದೆ ನಿಂತು ಇನ್ನೊಂದು ಪುಸ್ತಕ ಕೇಳಿದಾಗ ನಮ್ಮ ನಾಡು ಅವನಿಗೆ ಇಲ್ಲವೆಂದಿತು. ಅವನು ಇನ್ನೆಷ್ಟು ದಿನ ಕೇಳುವನು? ಕಾಫಿ ಕೊಯ್ಲು ಮುಗಿದರೆ ಆ ಕುಟುಂಬ ಬೇರೆ ತೋಟಕ್ಕೊ ಬೇರೆ ರಾಜ್ಯಕ್ಕೊ ಹೊರಟೀತು.

ಆದುದರಿಂದ ನಮ್ಮ ಬಿನ್ನಹ ಸರಳವಾದುದು. ಪ್ರತಿಯೊಂದು ಗ್ರಾಮ ಗ್ರಂಥಾಲಯದಲ್ಲಿಯೂ ಒಂದು ರೂಲುಪುಸ್ತಕವನ್ನು ದಾರ ಕಟ್ಟಿ ಇಡಲಿ. ಓದಿದ ಕಾದಂಬರಿಯ ಬಗೆಗೆ ಮಕ್ಕಳು ತಮಗೆ ತೋಚಿದ್ದನ್ನು ಅದರಲ್ಲಿ ಬರೆಯಲಿ: ಚೆನ್ನಾಗಿತ್ತು, ಬೇಸರ, ಹುಡುಗಿ ಏಕೆ ಹೋಗಲಿಲ್ಲ, ಓತಿಯನ್ನು ಹಿಡಿಯಬೇ‌ಕಾಗಿತ್ತು, ಏನಾದರೂ ಸರಿ. ಕಾಗುಣಿತ ತಿದ್ದಕೂಡದು, ಅಂಕ ಹಾಕಕೂಡದು. ಮುಂದಿನ ಖರೀದಿಯ ಪಟ್ಟಿ ಮಾಡುವವರು ಆ ಪುಸ್ತಕವನ್ನು ಓದಿ ಪಟ್ಟಿ ಮಾಡಲಿ. ಕಾದಂಬರಿ ಬರೆಯುವವರೂ ಒಮ್ಮೆ ಬಂದು ಓದಲಿ. ಮಕ್ಕಳ ಅಭಿಪ್ರಾಯಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಯಾರಾದರೂ ಹೇಳಬಹುದು. ಹಿರಿಯರವು ಹೊಂದುತ್ತವೆಯೆ? ಇದನ್ನು ಪರೀಕ್ಷೆಗೆ ಇಡಬೇಡಿರೆಂದು ಮಾತ್ರ ಒತ್ತಿ ಹೇಳುತ್ತೇವೆ. ‘ಕೃಷ್ಣೇಗೌಡನ ಆನೆ’ ಪದವಿಪೂರ್ವ ತರಗತಿಗೆ ಪಠ್ಯವಾಗಿದ್ದ ವರ್ಷಗಳಲ್ಲಿ ಓದಿದ ತರುಣನೊಬ್ಬನು ನಮಗೆ ಬರೆದಿರುವಂತೆ, ಆನೆ ಅವನಿಗೆ ಬಹಳ ಮೆಚ್ಚುಗೆಯಾಗಿತ್ತು, ನಾಲ್ಕು ಅಂಕದ ಪ್ರಶ್ನೆ ಬರುವವರೆಗೆ.

ಮೊದಲು ಹೇಳಿದ ನಿವೃತ್ತ ಉಪಾಧ್ಯಾಯರು ನಿನ್ನೆ ಎರಡನೆಯ ಕಾಗದ ಬರೆದಿರುವರು. ಅಭಿಪ್ರಾಯವನ್ನು ಎಳ್ಳಷ್ಟೂ ಬದಲಾಯಿಸಿಲ್ಲ. ಆದರೆ ಜೊತೆಗೆ ಒಂದು ಪೊಟ್ಟಣ ಬಂದಿದೆ. ಅದರಲ್ಲಿ ಎರಡು ಜೀವನಚರಿತ್ರೆಗಳೂ, ಬೆನ್ನು ಬಿಟ್ಟು ದಾರ ಹಾಕಿ ಹೊಲಿದಿರುವ, ಬಹಳ ಸಲ ಓದಿದಂತೆ ಕಾಣುವ ಒಂದು ಪತ್ತೇದಾರಿ ಕಾದಂಬರಿಯೂ ಇವೆ. ಇದು ಅವರಿಗೆ ಹೇಗೆ ಬಂತೆಂದು ಅವರು ತಿಳಿಸಿಲ್ಲ, ನಾವೂ ಕೇಳುವುದಿಲ್ಲ.

ಪುಸ್ತಕಗಳನ್ನು ಕಳುಹಿಸಬಯಸುವವರು ಈ ತಿಂಗಳ ಕೊನೆಯೊಳಗೆ ನಮ್ಮ ಕಚೇರಿಗೆ ತಲಪಿಸಬಹುದು. ಹೊರನಾಡು ಕಡೆಗೆ ಹೋಗುವ ಬಸ್ಸಿನವರು ಒಂದು ಪೆಟ್ಟಿಗೆಯನ್ನು ಬಾಡಿಗೆಯಿಲ್ಲದೆ ಒಯ್ಯಲು ಒಪ್ಪಿದ್ದಾರೆ. ಹಳೆಯ ಎಸ್‌.ಎಸ್‌.ಎಲ್‌.ಸಿ. ಗೈಡುಗಳನ್ನು ದಯವಿಟ್ಟು ಕಳುಹಿಸಬಾರದು; ಈಗಾಗಲೇ ಬಂದಿರುವ ಹನ್ನೊಂದು ನಮ್ಮ ಮೇಜಿನಡಿಯಲ್ಲಿ ಇವೆ, ಕಳುಹಿಸಿದವರು ಬಂದು ಹಿಂದಕ್ಕೆ ಪಡೆಯಬಹುದು.